ಪಾರ್ಟಿ ಅಲ್ಲ ಸ್ವಾಮಿ, ಮೆರವಣಿಗೆ!

ನಮಸ್ಕಾರ, ಬನ್ನಿ, ಕೂತ್ಕೊಳ್ಳಿ. ಇವತ್ತು ಬೇರೆ ವಿಷಯ ಮಾತಾಡಬೇಕಿತ್ತು. ಆದರೆ ಹೋದ ವಾರದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಸೊರೊರಿಟಿ ಅಂದ್ರೆ ದುಡ್ಡಿರೋ ಹುಡುಗಿಯರ ಪಾರ್ಟಿ ಗ್ಯಾಂಗು, ಅಷ್ಟೇ ಗುರು." ಅಷ್ಟೇನಾ? ಸರಿ, ಕೇಳಿ ಹಾಗಾದರೆ. ಸೊರೊರಿಟಿ ಅಂದ್ರೆ ಅಮೆರಿಕದ ಕಾಲೇಜುಗಳಲ್ಲಿ ಹುಡುಗಿಯರು ಕಟ್ಟಿಕೊಳ್ಳೋ ಸಂಘ.

1913ರ ಜನವರಿ 13. ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯ. 22 ಕಪ್ಪು ಹುಡುಗಿಯರು ಸೇರಿ ಡೆಲ್ಟಾ ಸಿಗ್ಮಾ ಥೀಟಾ ಅನ್ನೋ ಸೊರೊರಿಟಿ ಕಟ್ಟಿದರು. ಅಲ್ಲೇ 1908ರಲ್ಲಿ ಹುಟ್ಟಿದ್ದ ಆಲ್ಫಾ ಕಪ್ಪಾ ಆಲ್ಫಾ ಅನ್ನೋ ಸೊರೊರಿಟಿಯಲ್ಲಿ ಇದ್ದವರೇ ಇವರು. ಕ್ಯಾಂಪಸ್ ಗೇಟು ದಾಟಿ ಏನಾದರೂ ಮಾಡಬೇಕು ಅಂತ ಬೇರೆಯಾದರು. ಮಾರ್ಚ್ 3ಕ್ಕೆ, ಹೆಂಗಸರಿಗೆ ಮತದಾನದ ಹಕ್ಕು ಕೊಡಿ ಅಂತ ರಾಜಧಾನಿಯ ಬೀದಿಯಲ್ಲಿ ನಡೆದರು. ಎಣಿಸಿ ನೋಡಿ, 49 ದಿನ! ನಾವು ಕಾಲೇಜಲ್ಲಿ ಕಟ್ಟಿದ ಸಂಘಕ್ಕೆ 49 ದಿನದಲ್ಲಿ ಹೆಸರೇ ಸಿಕ್ಕಿರಲಿಲ್ಲ.

ಮೊದಲ ಕೆಲಸ ಪಾರ್ಟಿ ಅಲ್ಲ, ಮೆರವಣಿಗೆ.

ಅದೂ ಎಂಥ ಮೆರವಣಿಗೆ! ಕಪ್ಪು ಹೆಂಗಸರು ಹಿಂದೆ ಬರಲಿ ಅಂತ ಏರ್ಪಾಡು ಮಾಡಿದವರಲ್ಲೇ ಮಾತು. ದಾರಿಯಲ್ಲಿ ಜನ ಬೈದರು, ತಳ್ಳಿದರು. ಪೊಲೀಸರಲ್ಲಿ ಎಷ್ಟೋ ಜನ ಸುಮ್ನೆ ನೋಡುತ್ತಾ ನಿಂತಿದ್ದರು. 1920ರಲ್ಲಿ ಹೆಂಗಸರಿಗೆ ಹಕ್ಕು ಬಂತು. ಆದರೆ ದಕ್ಷಿಣದ ರಾಜ್ಯಗಳ ಕಪ್ಪು ಹೆಂಗಸರಲ್ಲಿ ಬಹಳ ಜನರ ಕೈಗೆ ಅದು ಸಿಕ್ಕಿದ್ದು 1965ರ ಮತದಾನ ಹಕ್ಕು ಕಾನೂನು ಬಂದ ಮೇಲೆ. ಪಾರ್ಟಿ ಗ್ಯಾಂಗಂತೆ!

"ಮತ್ತೆ ಹೆಸರಲ್ಲಿ ಆ ಗ್ರೀಕ್ ಅಕ್ಷರ, ಬಣ್ಣ, ಗುಟ್ಟಿನ ಆಚಾರ ಎಲ್ಲ ಯಾಕೆ?" ಅಂತೀರಿ. ನಿಮ್ಮ ಕ್ರಿಕೆಟ್ ಟೀಮಿಗೆ ಜೆರ್ಸಿ ಯಾಕೆ ಸ್ವಾಮಿ? ಮುಂದಿನ ಪ್ರಶ್ನೆ.

"ಹೊಸಬರಿಗೆ ಕಾಟ ಕೊಡುತ್ತಾರಲ್ಲ?" ಕೊಟ್ಟವರು ಇದ್ದಾರೆ, ತಪ್ಪೇ. ಆದರೆ ಮಾತು ತಪ್ಪಿಸಬೇಡಿ. ನಾನು ಹೇಳುತ್ತಿರೋದು ಮೆರವಣಿಗೆ ಬಗ್ಗೆ!

ಅಂದಹಾಗೆ, ಇನ್ನೂ ಸಬ್‌ಸ್ಕ್ರೈಬ್ ಆಗದವರು ಆಗಿಬಿಡಿ. ನೋಡೋರು ಜಾಸ್ತಿ, ಒತ್ತೋರು ಕಮ್ಮಿ. ನಮ್ಮಮ್ಮ ಕೂಡ ಒತ್ತಿಲ್ಲ.

ಎಲ್ಲಿದ್ದೆ? ಹಾಂ, ಕಾಲೇಜು ಮುಗಿದರೆ ಇದೂ ಮುಗಿಯಿತು ಅಂದುಕೊಂಡಿರಾ? ಇಲ್ಲ. ಸದಸ್ಯತ್ವ ಜೀವಮಾನಕ್ಕೆ. 1968ರಲ್ಲಿ ಅಮೆರಿಕದ ಸಂಸತ್ತಿಗೆ ಗೆದ್ದ ಮೊದಲ ಕಪ್ಪು ಮಹಿಳೆ ಶರ್ಲಿ ಚಿಸಮ್ ಡೆಲ್ಟಾದವರೇ. ಹೇಳಿ, ಅದೂ ಪಾರ್ಟಿನಾ?

ಇಲ್ಲಿ ಇನ್ನೂ ಮೂರು ಪಾಯಿಂಟ್ ಬರೆದಿಟ್ಟಿದ್ದೆ. ಹಾಳೆ ಮೇಲೆ ಕಾಫಿ ಚೆಲ್ಲಿದೆ. ಒಂದೇ ಪದ ಕಾಣ್ತಿದೆ: ಮೆರವಣಿಗೆ. ಸಾಕು ಬಿಡಿ, ಅದೇ ಮೂರು ಸಲ ಓದ್ತೀನಿ. ಮೆರವಣಿಗೆ. ಮೆರವಣಿಗೆ! ಮೆ-ರ-ವ-ಣಿ-ಗೆ!

ಕಾಮೆಂಟ್ ಹಾಕಿದ ಅಣ್ಣ, ನಿಮ್ಮದನ್ನ ಪಿನ್ ಮಾಡಿದ್ದೀನಿ. ಉತ್ತರ ಬರೆಯೋ ಮೊದಲು ಆ ಗಂಟೆ ಒಂದು ಒತ್ತಿ.