ಹಳೆಯ ಶೆವರ್ಲೆ ಪಿಕಪ್‌ನ ಇಸವಿಯನ್ನು ಯಾವ ಭಾಗ ಹೇಳುತ್ತದೆ? 1947ರಿಂದ 1955ರವರೆಗಿನ ಗುರುತುಗಳು

[ದೃಶ್ಯ: ಕೊಟ್ಟಿಗೆಯೊಳಗೆ ನಿಂತಿರುವ ಹಸಿರು ಪಿಕಪ್. ಕ್ಯಾಮೆರಾ ಮುಂಭಾಗದಿಂದ ನಿಧಾನವಾಗಿ ಚಾಲಕನ ಬಾಗಿಲಿನತ್ತ ಸರಿಯುತ್ತದೆ.]

ನಮಸ್ಕಾರ. ಪರದೆಯ ಮೇಲೆ ನೀವು ನೋಡುತ್ತಿರುವ ಈ ಹಸಿರು ಶೆವರ್ಲೆ ಪಿಕಪ್ ನನ್ನ ಕಣ್ಣಿಗೆ ಬಿದ್ದದ್ದು ಅಮೆರಿಕದ ಮಿಸೌರಿ ರಾಜ್ಯದ ಒಂದು ಹೊಲಮನೆಯ ಕೊಟ್ಟಿಗೆಯಲ್ಲಿ. ಮಾರುವವರ ಬಳಿಯಿದ್ದ ನೋಂದಣಿ ಕಾಗದದಲ್ಲಿ 1950 ಎಂದು ಬರೆದಿತ್ತು. ನನ್ನ ಜೊತೆಗೆ ಬಂದಿದ್ದ ಗೆಳೆಯರೊಬ್ಬರು ಬಾಗಿಲ ಹಿಡಿಯನ್ನು ಒಮ್ಮೆ ಒತ್ತಿ ನೋಡಿ, "ಇದು 1950ರ ಗಾಡಿಯಲ್ಲ, 1952 ಅಥವಾ ಅದರ ನಂತರದ್ದು" ಎಂದು ತೀರ್ಪು ಕೊಟ್ಟೇಬಿಟ್ಟರು. ಇಬ್ಬರ ಮಾತಿಗೂ ಆಧಾರವಿತ್ತು, ಆದರೆ ಒಂದು ಗಾಡಿಗೆ ಎರಡು ಹುಟ್ಟಿದ ವರ್ಷ ಇರಲಾರದು. ಆ ಜಗಳವನ್ನು ಬಗೆಹರಿಸಲು ಅಂದು ನಾವು ಒಂದೊಂದಾಗಿ ನೋಡುತ್ತಾ ಹೋದ ಭಾಗಗಳನ್ನೇ ಇಂದು ನಿಮಗೆ ತೋರಿಸುತ್ತೇನೆ.

ನೋಡುವಾಗ ನಾನು ಅನುಸರಿಸುವ ಕ್ರಮ ಒಂದೇ. ಸ್ಪ್ಯಾನರ್ ಹಿಡಿದು ಅರ್ಧ ಗಂಟೆಯಲ್ಲಿ ಬಿಚ್ಚಿ ಬದಲಾಯಿಸಬಹುದಾದ ಭಾಗದ ಸಾಕ್ಷಿಯನ್ನು ಕೊನೆಗೆ ಕೇಳುತ್ತೇನೆ. ಕ್ಯಾಬಿನ್ನಿನ ತಗಡಿನಲ್ಲೇ ಒತ್ತಿ, ಬೆಸೆದು ಬಂದಿರುವ ಭಾಗದ ಸಾಕ್ಷಿಯನ್ನು ಮೊದಲು ಕೇಳುತ್ತೇನೆ. ಹಳೆಯ ವಾಹನಗಳ ಜಾಹೀರಾತುಗಳಲ್ಲಿ ಜನ ಇದಕ್ಕೆ ತಿರುಗಾಮುರುಗಾ ಮಾಡುತ್ತಾರೆ. ಗ್ರಿಲ್ ನೋಡಿ, ಬಾನೆಟ್ಟಿನ ಮೇಲಿನ ಅಕ್ಷರ ನೋಡಿ ಇಸವಿ ಹೇಳುತ್ತಾರೆ. ಅವೆರಡೂ ನಾಲ್ಕಾರು ಬೋಲ್ಟುಗಳ ಮೇಲೆ ನಿಂತಿರುವ ವಸ್ತುಗಳು.

[ದೃಶ್ಯ: ಕಾಲರೇಖೆ, 1947ರಿಂದ 1955.]

ಮೊದಲು ಈ ವಂಶದ ಪರಿಚಯ. ಶೆವರ್ಲೆ ಕಂಪನಿಯು ಎರಡನೇ ಮಹಾಯುದ್ಧದ ನಂತರ ಹೊಸದಾಗಿ ರೂಪಿಸಿದ ಲಾರಿ ಮತ್ತು ಪಿಕಪ್‌ಗಳಿಗೆ 'ಅಡ್ವಾನ್ಸ್ ಡಿಸೈನ್' ಎಂದು ಹೆಸರಿಟ್ಟಿತು. ಇವು 1947ರ ಬೇಸಿಗೆಯಲ್ಲಿ ಮಾರುಕಟ್ಟೆಗೆ ಬಂದು 1955ರ ಮಾರ್ಚ್‌ವರೆಗೆ ನಡೆದವು. ತೊಡಕು ಶುರುವಾಗುವುದು ಎರಡೂ ತುದಿಗಳಲ್ಲಿ. 1947ರ ಮೊದಲ ತಿಂಗಳುಗಳಲ್ಲಿ ಯುದ್ಧಪೂರ್ವದ ರೂಪದ ಗಾಡಿಗಳೇ ಮಾರಾಟವಾಗುತ್ತಿದ್ದುದರಿಂದ 1947ರ ಶೆವರ್ಲೆ ಎಂಬ ಹೆಸರಿನಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಗಾಡಿಗಳಿವೆ. ಹಾಗೆಯೇ 1955ರಲ್ಲಿ ಮಾರ್ಚ್‌ವರೆಗಿನ ಹಳೆಯ ರೂಪದ್ದು ಒಂದು, ಅಲ್ಲಿಂದಾಚೆಗೆ ಬಂದ 'ಟಾಸ್ಕ್ ಫೋರ್ಸ್' ಇನ್ನೊಂದು. ಬಿಡಿಭಾಗ ತರಿಸುವಾಗ ಬರೀ 1955 ಎಂದು ಹೇಳಿದರೆ ಅಂಗಡಿಯವರು ಮರುಪ್ರಶ್ನೆ ಹಾಕುವುದು ಇದಕ್ಕೇ.

ನಮ್ಮ ದೇಶಕ್ಕೂ ಶೆವರ್ಲೆ ಲಾರಿಗಳು ಅಪರಿಚಿತವಲ್ಲ. ಜನರಲ್ ಮೋಟಾರ್ಸ್ ಕಂಪನಿಯು 1928ರಿಂದ 1954ರವರೆಗೆ ಮುಂಬಯಿಯ ಶಿವಡಿಯಲ್ಲಿ ಜೋಡಣಾ ಘಟಕ ನಡೆಸುತ್ತಿತ್ತು. ಆದರೆ ಇಂದು ಹೇಳುವ ಗುರುತುಗಳು ಅಮೆರಿಕದಲ್ಲಿ ಮಾರಾಟವಾದ, ಎಡಗಡೆ ಸ್ಟೀರಿಂಗ್ ಇರುವ ಪಿಕಪ್‌ಗಳಿಗೆ ಮಾತ್ರ ಅನ್ವಯಿಸುತ್ತವೆ ಎಂಬುದು ನೆನಪಿರಲಿ.

[ದೃಶ್ಯ: ಮುಂಗಾಜಿನ ಸಮೀಪ ನೋಟ. ನಡುವಿನ ಪಟ್ಟಿಯ ಮೇಲೆ ಬೆರಳು.]

ಮುಂಗಾಜಿನಿಂದ ಆರಂಭಿಸೋಣ. 1947ರಿಂದ 1953ರವರೆಗೆ ಎರಡು ಚಪ್ಪಟೆ ಗಾಜುಗಳು, ನಡುವೆ ಒಂದು ಲಂಬವಾದ ಪಟ್ಟಿ. 1954ರಲ್ಲಿ ಆ ಪಟ್ಟಿ ಹೋಗಿ, ಬಾಗಿದ ಒಂದೇ ಅಖಂಡ ಗಾಜು ಬಂತು. ಗಾಜು ಕೂರುವ ಚೌಕಟ್ಟು ಕ್ಯಾಬಿನ್ನಿನದೇ ಭಾಗವಾದುದರಿಂದ ಇಷ್ಟು ದೊಡ್ಡ ಬದಲಾವಣೆಯನ್ನು ಯಾರೂ ಸುಲಭವಾಗಿ ಮರೆಮಾಚಲಾರರು. ಅದೇ ವರ್ಷ ಗ್ರಿಲ್ ಕೂಡ ಬದಲಾಯಿತು. ಅಲ್ಲಿಯವರೆಗೆ ಅಡ್ಡಡ್ಡ ಐದು ಪಟ್ಟಿಗಳಿದ್ದವು; 1954ರಲ್ಲಿ ಶಿಲುಬೆಯಂತೆ ಒಂದನ್ನೊಂದು ದಾಟುವ ದಪ್ಪ ಪಟ್ಟಿಗಳು ಬಂದವು. ಗೂಳಿಯ ಮೂತಿಯಂತೆ ಕಾಣುತ್ತದೆಂದು ಅಲ್ಲಿಯವರು ಅದನ್ನು 'ಬುಲ್ ನೋಸ್' ಎನ್ನುತ್ತಾರೆ. ಹಿಂದಿನ ಆಯತಾಕಾರದ ದೀಪಗಳು ದುಂಡಗಾದವು, ಸಾಮಾನು ತುಂಬುವ ತೊಟ್ಟಿಯ ಇಳಿಜಾರು ಅಂಚು ಸಮತಟ್ಟಾಯಿತು, ಡ್ಯಾಶ್‌ಬೋರ್ಡ್ ಮತ್ತು ಸ್ಟೀರಿಂಗ್ ಚಕ್ರ ಹೊಸದಾದವು. ಇಡೀ ಸರಣಿಯಲ್ಲಿ ಇಷ್ಟೊಂದು ಬದಲಾವಣೆ ಒಟ್ಟಿಗೆ ಆದದ್ದು ಆ ಒಂದೇ ವರ್ಷ.

ನಮ್ಮ ಹಸಿರು ಗಾಡಿಗೆ ಎರಡು ಗಾಜುಗಳಿದ್ದವು. 1953ರ ಆಚೆಗಿನ ಮಾತು ಅಲ್ಲಿಗೆ ಮುಗಿಯಿತು.

[ದೃಶ್ಯ: ಬಲಗಡೆಯ ಬಾಗಿಲಿನ ಹಿಂದೆ, ಕ್ಯಾಬಿನ್ನಿನ ಮೂಲೆಯಲ್ಲಿರುವ ಪೆಟ್ರೋಲ್ ಮುಚ್ಚಳ.]

ಎರಡನೆಯ ಸಾಕ್ಷಿ ಪೆಟ್ರೋಲ್ ತುಂಬುವ ಬಾಯಿ. 1947 ಮತ್ತು 1948ರ ಪಿಕಪ್‌ಗಳಲ್ಲಿ ಟ್ಯಾಂಕ್ ಹಿಂದಿನ ತೊಟ್ಟಿಯ ಕೆಳಗಿತ್ತು. ಪೆಟ್ರೋಲ್ ಹಾಕುವ ಬಾಯಿ ತೊಟ್ಟಿಯ ಬಲಪಕ್ಕದಲ್ಲಿರುತ್ತಿತ್ತು. 1949ರಲ್ಲಿ ಟ್ಯಾಂಕನ್ನು ಎತ್ತಿ ಕ್ಯಾಬಿನ್ನಿನ ಒಳಗೆ, ಸೀಟಿನ ಬೆನ್ನಿಗೆ ನೆಟ್ಟಗೆ ನಿಲ್ಲಿಸಿದರು. ಬೆನ್ನ ಹಿಂದೆಯೇ ಪೆಟ್ರೋಲ್ ಇಟ್ಟುಕೊಂಡು ಓಡಿಸುವುದು ಇಂದು ಎದೆ ಝಲ್ಲೆನಿಸುವ ಸಂಗತಿಯಾದರೂ ಅಂದು ಅದು ಸಾಮಾನ್ಯವಾಗಿತ್ತು. ಹಾಗೆ ಮಾಡಿದ್ದರಿಂದ ತುಂಬುವ ಬಾಯಿ ಬಲಬಾಗಿಲಿನ ಹಿಡಿಯ ಹತ್ತಿರ, ಸ್ವಲ್ಪ ಕೆಳಗೆ, ಕ್ಯಾಬಿನ್ನಿನ ತಗಡಿನಲ್ಲೇ ಬಂದು ಕೂತಿತು. ತಗಡಿನಲ್ಲಿ ಆ ತೂತು ಇದ್ದರೆ ಕ್ಯಾಬಿನ್ 1949ರದ್ದು ಅಥವಾ ಅದರ ನಂತರದ್ದು. ತೂತು ಇಲ್ಲದಿದ್ದರೆ ಬೆಸುಗೆ ಹಾಕಿ ಮುಚ್ಚಿದ ಗುರುತು ಇದೆಯೇ ಎಂದು ಒಳಗಡೆಯಿಂದ ಕೈಯಾಡಿಸಿ ನೋಡಬೇಕು, ಏಕೆಂದರೆ ಟ್ಯಾಂಕನ್ನು ಹಿಂದಕ್ಕೆ ಸಾಗಿಸಿ ಆ ಜಾಗವನ್ನು ಟಿಂಕರಿಂಗ್ ಮಾಡಿಸಿದವರು ಬಹಳ ಜನ. ನಮ್ಮ ಗಾಡಿಯಲ್ಲಿ ಮುಚ್ಚಳ ಇದ್ದಲ್ಲೇ ಇತ್ತು. ಅಂದರೆ 1949ರಿಂದ 1953ರ ಒಳಗೆ.

[ದೃಶ್ಯ: ಚಾಲಕನ ಬಾಗಿಲು ಮತ್ತು ಅದರ ಮುಂದಿನ ತಗಡಿನ ಪಕ್ಕ. ಕ್ಯಾಮೆರಾ ಇಲ್ಲಿ ತುಸು ಹೊತ್ತು ನಿಲ್ಲಲಿ.]

ಈಗ ಬಾಗಿಲು. ಈ ಸರಣಿಯಲ್ಲಿ ಅತ್ಯಂತ ಹೆಚ್ಚು ಮಾಹಿತಿ ಕೊಡುವುದೂ ಬಾಗಿಲೇ, ಅತ್ಯಂತ ಹೆಚ್ಚು ದಾರಿ ತಪ್ಪಿಸುವುದೂ ಬಾಗಿಲೇ. 1950ರವರೆಗಿನ ಬಾಗಿಲಿನ ಕಿಟಕಿಯಲ್ಲಿ ಒಂದೇ ಗಾಜು. 1951ರಲ್ಲಿ ಅದರ ಮುಂದಿನ ಮೂಲೆಗೆ, ನಮ್ಮ ಹಳೆಯ ಅಂಬಾಸಿಡರ್ ಕಾರಿನಲ್ಲಿ ಇರುತ್ತಿತ್ತಲ್ಲ, ಅಂಥ ತಿರುಗಿಸಿ ತೆರೆಯುವ ಪುಟ್ಟ ಗಾಜು ಸೇರಿತು. ಹಿಡಿಯ ಕಥೆ ಬೇರೆ. 1951ರವರೆಗೆ ಅದನ್ನು ಕೆಳಕ್ಕೆ ತಿರುಗಿಸಿ ಬಾಗಿಲು ತೆರೆಯಬೇಕಿತ್ತು. 1952ರಿಂದ ಹಿಡಿ ಅಲುಗಾಡದು, ಅದರಲ್ಲಿರುವ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಬೇಕು. ಎರಡನ್ನೂ ಕೂಡಿಸಿ ನೋಡಿದರೆ, ಪುಟ್ಟ ಗಾಜೂ ಇದ್ದು ತಿರುಗಿಸುವ ಹಿಡಿಯೂ ಇರುವ ಬಾಗಿಲು 1951ರ ಒಂದೇ ವರ್ಷ ತಯಾರಾಯಿತು ಎಂದಾಯಿತು. ಒಳ್ಳೆಯ ಸ್ಥಿತಿಯ 1951ರ ಬಾಗಿಲಿಗಾಗಿ ಗುಜರಿಗಳನ್ನು ಅಲೆಯುವವರ ಕಷ್ಟ ಇದರಿಂದ ಅರ್ಥವಾಗುತ್ತದೆ.

ನಮ್ಮ ಹಸಿರು ಗಾಡಿಯ ಬಾಗಿಲಿನಲ್ಲಿ ಪುಟ್ಟ ಗಾಜೂ ಇತ್ತು, ಒತ್ತುವ ಗುಂಡಿಯೂ ಇತ್ತು. ಗೆಳೆಯರು ಹೇಳಿದ್ದು ಬಾಗಿಲಿನ ಮಟ್ಟಿಗೆ ನೂರಕ್ಕೆ ನೂರು ಸರಿ. ಆದರೆ ಬಾಗಿಲು ಕೀಲಿನ ಮೇಲೆ ತೂಗುವ ಭಾಗ. ಬೋಲ್ಟು ಬಿಚ್ಚಿದರೆ ಕೈಗೆ ಬರುತ್ತದೆ. ಅದಕ್ಕಾಗಿಯೇ ಬಾಗಿಲಿನ ಮಾತನ್ನು ಅದರ ಪಕ್ಕದ ತಗಡಿನ ಮಾತಿನೊಂದಿಗೆ ತಾಳೆ ನೋಡಬೇಕು. ಬಾಗಿಲಿನ ಕೀಲಿಗೂ ಮುಂದಿನ ಮಡ್‌ಗಾರ್ಡಿಗೂ ನಡುವಿನ ಕ್ಯಾಬಿನ್ ಪಕ್ಕದಲ್ಲಿ, ಚಾಲಕನ ಕಾಲಿಗೆ ಗಾಳಿ ಬರಲೆಂದು ಒಳಗಿನಿಂದ ತೆರೆಯುವ ಒಂದು ಸಣ್ಣ ಗಾಳಿಕಂಡಿ 1950ರವರೆಗೆ ಇತ್ತು. ಬಾಗಿಲಿನಲ್ಲೇ ಗಾಳಿ ಬರುವ ಗಾಜು ಸೇರಿದ 1951ರಲ್ಲಿ ಚಾಲಕನ ಬದಿಯ ಆ ಕಂಡಿಯನ್ನು ತೆಗೆದುಹಾಕಿದರು. ಅಲ್ಲಿಂದ ಮುಂದೆ ಆ ಜಾಗದಲ್ಲಿ ಬರೀ ನುಣುಪಾದ ತಗಡು. ಹೀಗಾಗಿ ಕಾರ್ಖಾನೆಯಿಂದ ಬಂದ ಗಾಡಿಯಲ್ಲಿ ಗಾಳಿಕಂಡಿ ಮತ್ತು ಪುಟ್ಟ ಗಾಜು ಒಟ್ಟಿಗೆ ಕಾಣಿಸಬಾರದು.

ನಾನು ಮಂಡಿಯೂರಿ ಕುಳಿತು ಧೂಳು ಒರೆಸಿದೆ. ಕಂಡಿ ಇತ್ತು. ಕೀಲು ತುಕ್ಕು ಹಿಡಿದು ಗಟ್ಟಿಯಾಗಿತ್ತು, ಮೇಲೆ ಹಸಿರು ಬಣ್ಣದ ಪದರ ಕೂತಿತ್ತು, ಆದರೆ ಅಂಚಿನ ಗೆರೆ ಉಗುರಿಗೆ ಸ್ಪಷ್ಟವಾಗಿ ಸಿಕ್ಕಿತು. ಕ್ಯಾಬಿನ್ 1949 ಅಥವಾ 1950ರದ್ದೆಂದು ಅಲ್ಲಿಗೆ ಖಚಿತವಾಯಿತು.

[ದೃಶ್ಯ: ಬಾನೆಟ್ಟಿನ ಪಕ್ಕದ ಅಕ್ಷರಗಳು, ಬೇರೆ ಬೇರೆ ವರ್ಷಗಳವು ಒಂದರ ನಂತರ ಒಂದು.]

ಇನ್ನು ಬಿಚ್ಚಬಹುದಾದ ಗುರುತುಗಳು. ಇವುಗಳಿಗೆ ಹೆಚ್ಚು ಸಮಯ ಕೊಡುವುದಿಲ್ಲ. ಆರಂಭದಲ್ಲಿ ಬಾನೆಟ್ಟಿನ ಪಕ್ಕದಲ್ಲಿ ಶೆವರ್ಲೆ ಎಂಬ ಹೆಸರಿನ ಕೆಳಗೆ 'ಥ್ರಿಫ್ಟ್‌ಮಾಸ್ಟರ್' ಅಥವಾ 'ಲೋಡ್‌ಮಾಸ್ಟರ್' ಎಂದಿರುತ್ತಿತ್ತು. 1949ರ ಉತ್ತರಾರ್ಧದಲ್ಲಿ ಆ ಹೆಸರುಗಳ ಜಾಗಕ್ಕೆ, ಗಾಡಿ ಹೊರುವ ಭಾರಕ್ಕೆ ತಕ್ಕಂತೆ ಸಂಖ್ಯೆಗಳು ಬಂದವು: ಅರ್ಧ ಟನ್ನಿಗೆ 3100, ಮುಕ್ಕಾಲು ಟನ್ನಿಗೆ 3600, ಒಂದು ಟನ್ನಿಗೆ 3800. 1952ರ ನಡುವೆ ಸಂಖ್ಯೆಯನ್ನು ಕೈಬಿಟ್ಟರು; 1953ರಲ್ಲಿ ಹೆಸರನ್ನು ಬಿಟ್ಟು ಸಂಖ್ಯೆಯನ್ನು ಮಾತ್ರ ದೊಡ್ಡದಾಗಿ ಹಾಕಿದರು. ಒಳಗಡೆ 1952ರ ನಡುವೆ ಕ್ರೋಮ್ ಹೊಳಪಿನ ಪಟ್ಟಿಗಳು ಬಣ್ಣ ಬಳಿದ ಪಟ್ಟಿಗಳಾದವು, ಸ್ಪೀಡೋಮೀಟರಿನ ಕೊನೆಯ ಅಂಕಿ ಗಂಟೆಗೆ 80 ಮೈಲಿಯಿಂದ 90ಕ್ಕೆ ಏರಿತು. ಕ್ರೋಮ್ ಮರೆಯಾದದ್ದು ಜಿಪುಣತನದಿಂದಲ್ಲ. ಕೊರಿಯಾ ಯುದ್ಧದ ಕಾಲದಲ್ಲಿ ನಿಕಲ್, ತಾಮ್ರಗಳ ಬಳಕೆಯ ಮೇಲೆ ಅಮೆರಿಕದಲ್ಲಿ ನಿರ್ಬಂಧವಿತ್ತು. ತೊಟ್ಟಿಯ ನೆಲಕ್ಕೆ ಹಾಸಿದ ಮರದ ಹಲಗೆಗಳೂ 1951ರ ಮಧ್ಯದಲ್ಲಿ 9ರಿಂದ 8ಕ್ಕೆ ಇಳಿದವು, ಆದರೆ 70 ವರ್ಷ ಮಳೆಬಿಸಿಲು ಕಂಡ ಗಾಡಿಯಲ್ಲಿ ಮೂಲ ಹಲಗೆಗಳನ್ನು ನಿರೀಕ್ಷಿಸುವುದು ದುರಾಸೆ. ಹಸಿರು ಬಣ್ಣವಂತೂ ಏನನ್ನೂ ಹೇಳದು. ಗಿರಾಕಿ ಬೇರೆ ಬಣ್ಣ ಕೇಳದಿದ್ದರೆ ಕಾರ್ಖಾನೆ ಕೊಡುತ್ತಿದ್ದುದೇ ಹಸಿರು.

[ದೃಶ್ಯ: ಗಾಡಿಯ ಅಡಿಭಾಗ, ಟಾರ್ಚ್ ಬೆಳಕಿನಲ್ಲಿ.]

ಗಾಡಿಯ ಕೆಳಗೆ ಮಲಗಿ ನೋಡಿದರೆ ಎರಡು ಸಂಗತಿಗಳು ಸಿಗುತ್ತವೆ. 1950ರಲ್ಲಿ ಹಳೆಯ ತೋಳಿನ ಮಾದರಿಯ ಶಾಕ್ ಅಬ್ಸಾರ್ಬರ್ ಹೋಗಿ, ಇಂದು ನಾವೆಲ್ಲ ಬಲ್ಲ ಕೊಳವೆಯಾಕಾರದ್ದು ಬಂತು. ಹಸಿರು ಗಾಡಿಯಲ್ಲಿ ಇದ್ದದ್ದು ಕೊಳವೆಯದ್ದೇ, ಹಾಗಾಗಿ 1949ಕ್ಕಿಂತ 1950ರ ಕಡೆಗೆ ತಕ್ಕಡಿ ವಾಲಿತು; ನಂತರ ಅಳವಡಿಸಿದ್ದೂ ಆಗಿರಬಹುದಾದ್ದರಿಂದ ವಾಲಿತು ಎಂದಷ್ಟೇ ಹೇಳುತ್ತೇನೆ. ಎರಡನೆಯದು 1954ರ ಗಾಡಿಯನ್ನೂ 1955ರ ಮಾರ್ಚ್‌ವರೆಗಿನ ಹಳೆಯ ರೂಪದ ಗಾಡಿಯನ್ನೂ ಬೇರ್ಪಡಿಸಲು ಬೇಕಾದದ್ದು. ಮೇಲಿನಿಂದ ನೋಡಿದರೆ ಬಾನೆಟ್ಟಿನ ಅಕ್ಷರದ ವಿನ್ಯಾಸ ಬಿಟ್ಟರೆ ಎರಡೂ ಅವಳಿಗಳು. ಕೆಳಗೆ ಮಾತ್ರ, ಅರ್ಧ ಟನ್ನಿನ 1954ರಲ್ಲಿ ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ವರೆಗೆ ತಿರುಗುವ ಶಾಫ್ಟು ಒಂದು ದಪ್ಪ ಕೊಳವೆಯೊಳಗೆ ಅಡಗಿದೆ. 1955ರಲ್ಲಿ ಅದು ಬಯಲಾಗಿ, ಎರಡು ತುದಿಯ ಜಾಯಿಂಟ್‌ಗಳೂ ಕಣ್ಣಿಗೆ ಕಾಣುತ್ತವೆ.

[ದೃಶ್ಯ: ತೆರೆದ ಬಾನೆಟ್. ಎಂಜಿನ್ನಿನ ಪಕ್ಕದ ಮುಚ್ಚಳ ಮತ್ತು ಸ್ಪಾರ್ಕ್ ಪ್ಲಗ್‌ಗಳು.]

ಎಂಜಿನ್ನನ್ನು ಆಧರಿಸಿ ಇಸವಿ ಹೇಳುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಪಾಯದ ಕೆಲಸ. 1953ರವರೆಗಿನ ಪಿಕಪ್‌ಗಳಲ್ಲಿ ಇದ್ದದ್ದು 216 ಘನ ಅಂಗುಲದ, ಅಂದರೆ ಸುಮಾರು 3.5 ಲೀಟರಿನ ಆರು ಸಿಲಿಂಡರ್ ಎಂಜಿನ್. 1954ರಿಂದ 235 ಘನ ಅಂಗುಲದ್ದು. ಹಳೆಯದರ ಪಕ್ಕದ ತಗಡಿನ ಮುಚ್ಚಳ ಸ್ಪಾರ್ಕ್ ಪ್ಲಗ್‌ಗಳನ್ನು ಸುತ್ತುವರಿದು ಮೇಲಕ್ಕೆ ಹೋಗುತ್ತದೆ. 1954ರ ನಂತರದ್ದರಲ್ಲಿ ಅದು ಗಿಡ್ಡವಾಗಿ ಪ್ಲಗ್‌ಗಳ ಕೆಳಗೇ ನಿಲ್ಲುತ್ತದೆ. ಹೊಸ ಎಂಜಿನ್ ಹಳೆಯ ಗಾಡಿಗೆ ಹೆಚ್ಚು ತಕರಾರಿಲ್ಲದೆ ಕೂರುವುದರಿಂದ ರೈತರು, ಗ್ಯಾರೇಜಿನವರು ಧಾರಾಳವಾಗಿ ಬದಲಾಯಿಸಿದ್ದಾರೆ. ಎರಕದ ಮೇಲಿನ ತಾರೀಖನ್ನು ಓದಬಹುದು: ತಿಂಗಳಿಗೆ ಒಂದು ಅಕ್ಷರ, ಆಮೇಲೆ ದಿನ, ಆಮೇಲೆ ವರ್ಷದ ಕೊನೆಯ ಅಂಕಿ. ದಶಕವನ್ನು ಅದು ಹೇಳುವುದಿಲ್ಲ. ಹಸಿರು ಗಾಡಿಯ ಎಂಜಿನ್ನಿನಲ್ಲಿ ಕೊನೆಯ ಅಂಕಿ 8. ಗಿಡ್ಡ ಮುಚ್ಚಳ ನೋಡಿದರೆ ಅದು 1948 ಆಗಲಾರದು, 1958ರದ್ದು.

[ದೃಶ್ಯ: ಚಾಲಕನ ಬಾಗಿಲು ತೆರೆದಾಗ ಕಾಣುವ ಕಂಬದ ಮೇಲಿನ ಫಲಕ.]

ಕೊನೆಯದಾಗಿ ಚಾಲಕನ ಬಾಗಿಲ ಕಂಬದ ಮೇಲಿರುವ ಫಲಕ. 1952ರವರೆಗೆ ಕಪ್ಪು ಹಿನ್ನೆಲೆಯ ಮೇಲೆ ಬೆಳ್ಳಿ ಅಕ್ಷರಗಳು. 1953ರಿಂದ ಹಿನ್ನೆಲೆ ನೀಲಿ. ಸಂಖ್ಯೆಯ ಮೊದಲ ಅಂಕಿ ಕಾರ್ಖಾನೆಯದ್ದು: 1 ಎಂದರೆ ಫ್ಲಿಂಟ್, 3 ಸೇಂಟ್ ಲೂಯಿಸ್, 5 ಕ್ಯಾನ್ಸಸ್ ಸಿಟಿ, 6 ಓಕ್‌ಲೆಂಡ್. ನಂತರದ ಅಕ್ಷರ ವರ್ಷದ್ದು: 1947ಕ್ಕೆ ಇ, 1948ಕ್ಕೆ ಎಫ್, 1949ಕ್ಕೆ ಜಿ, 1950ಕ್ಕೆ ಎಚ್. 'ಐ' ಅಕ್ಷರವನ್ನು ಬಿಟ್ಟುಬಿಟ್ಟಿರುವುದರಿಂದ 1951ಕ್ಕೆ ಜೆ, 1952ಕ್ಕೆ ಕೆ. ಮೂರನೆಯದು ತೂಕದ ವರ್ಗ, ಪಿ ಎಂದರೆ ಅರ್ಧ ಟನ್, ನಾಲ್ಕನೆಯದು ತಿಂಗಳು. 1953ರಲ್ಲಿ ಪದ್ಧತಿ ಬದಲಾಗಿ, ಇಸವಿಯ ಎರಡು ಅಂಕಿಗಳನ್ನೇ ನೇರವಾಗಿ ಒತ್ತತೊಡಗಿದರು. ಆ ಹೊಸ ಪದ್ಧತಿಯಲ್ಲಿ ಎಚ್ ಎಂದರೆ ಅರ್ಧ ಟನ್, ಇಸವಿಯಲ್ಲ. ಇದನ್ನು ತಿಳಿಯದೆ 1953ರ ಗಾಡಿಯನ್ನು 1950 ಎಂದು ಮಾರುವವರೂ ಇದ್ದಾರೆ.

ಕಾಗದಕ್ಕಿಂತ ಫಲಕವೇ ಮೇಲು. ಅಂದು ಅಮೆರಿಕದ ಅನೇಕ ರಾಜ್ಯಗಳಲ್ಲಿ ಎಂಜಿನ್ ಸಂಖ್ಯೆಯನ್ನೇ ನೋಂದಣಿಗೆ ಬಳಸುತ್ತಿದ್ದರು, ಮಾರಾಟವಾದ ವರ್ಷವನ್ನೇ ಇಸವಿಯೆಂದು ಬರೆದುಬಿಡುವುದೂ ಇತ್ತು. ಹಾಗೆಂದು ಫಲಕವೇನೂ ಬೆಸೆದದ್ದಲ್ಲ, ಅದನ್ನೂ ಕೀಳಬಹುದು. ಕ್ಯಾಬಿನ್ನಿನ ತಗಡು ಅದರ ಜೊತೆಗೆ ಒಪ್ಪಿದಾಗ ಮಾತ್ರ ನಾನು ನೆಮ್ಮದಿಯಾಗುತ್ತೇನೆ.

[ದೃಶ್ಯ: ಹಸಿರು ಗಾಡಿಯ ಫಲಕ, ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದ ನಂತರ.]

ಹಸಿರು ಗಾಡಿಯ ಫಲಕ ಕಪ್ಪಾಗಿತ್ತು. 5, ಎಚ್, ಪಿ, ಸಿ. ಕ್ಯಾನ್ಸಸ್ ಸಿಟಿ, 1950, ಅರ್ಧ ಟನ್, ಮಾರ್ಚ್ ತಿಂಗಳು. ಗಾಳಿಕಂಡಿ, ಪೆಟ್ರೋಲ್ ಬಾಯಿ, ಶಾಕ್ ಅಬ್ಸಾರ್ಬರ್ ಮೂರೂ ಅದಕ್ಕೆ ಹೊಂದಿದವು. ಕಾಗದ ಸುಳ್ಳು ಹೇಳಿರಲಿಲ್ಲ. ಗೆಳೆಯರು ಇನ್ನೂ ಪೂರ್ತಿ ಒಪ್ಪಿರಲಿಲ್ಲ. ಕಿಸೆಯಿಂದ ಚಿಕ್ಕ ಚಾಕು ತೆಗೆದು, ಮಾರುವವರ ಅನುಮತಿ ಕೇಳಿ, ಮೊದಲು ಕ್ಯಾಬಿನ್ನಿನ ಕಂಬವನ್ನು, ಆಮೇಲೆ ಬಾಗಿಲಿನ ಒಳ ಅಂಚನ್ನು ಒಂದಿಷ್ಟು ಕೆರೆದರು. ಕಂಬದಲ್ಲಿ ಹಸಿರಿನ ಕೆಳಗೆ ಇನ್ನೊಂದು ಹಸಿರು, ಅದರ ಕೆಳಗೆ ಪ್ರೈಮರ್. ಬಾಗಿಲಿನಲ್ಲಿ ಹಸಿರಿನ ಕೆಳಗೆ ಕೆಂಪು.