ಒಂದು ಹಾಡಿನ ಮೂವರು ವಾರಸುದಾರರು

ಕೇಳುಗರಿಗೆ ನಮಸ್ಕಾರ.

ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ ಜಗುಲಿಗೆ ಹೊಂದಿಕೊಂಡು ಒಂದು ಸಣ್ಣ ಕೋಣೆಯಿದೆ. ಅಲ್ಲಿಂದ ನಾನು ಪ್ರತಿ ಸಂಜೆ ಒಂದು ಗಂಟೆ ಹೊತ್ತು ಅಂತರ್ಜಾಲದಲ್ಲಿ ಹಾಡು ಕೇಳಿಸುತ್ತಿದ್ದೆ. ಭಾವಗೀತೆ, ತತ್ವಪದ, ದಾಸರ ಪದ. ಊರು ಬಿಟ್ಟು ದೂರ ಹೋದ ಮಲೆನಾಡಿನವರು ಕೇಳುತ್ತಿದ್ದರು. ಹಂಚಿನ ಮೇಲೆ ಮಳೆ ಸುರಿಯುವ ಸದ್ದು ಮೈಕಿಗೆ ಸಿಕ್ಕಿಬಿದ್ದರೆ, ಅದನ್ನು ತೆಗೆಯಬೇಡಿ ಎಂದು ಬರೆಯುತ್ತಿದ್ದರು. ಯಾರಿಂದಲೂ ಒಂದು ರೂಪಾಯಿ ಪಡೆಯಲಿಲ್ಲ. ದುಡ್ಡು ಮುಟ್ಟದವನಿಗೆ ಪರವಾನಗಿ ಏಕೆ ಎಂದು ನಂಬಿಕೊಂಡಿದ್ದೆ. ಒಂದು ಸಂಜೆ ಪ್ರಸಾರ ನಿಂತುಹೋಯಿತು. ಹಕ್ಕುದಾರರಿಂದ ದೂರು ಬಂದಿದೆ ಎಂಬ ಎರಡು ಸಾಲು ಪರದೆಯ ಮೇಲಿತ್ತು.

ಸಿಟ್ಟು ಬಂತು. ಸಿಟ್ಟಿನಲ್ಲೇ 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯನ್ನು ತರಿಸಿಕೊಂಡು ಓದಿದೆ. ಓದಿದ ಮೇಲೆ ತಿಳಿಯಿತು, ನಾನು ಒಂದು ಎಂದುಕೊಂಡಿದ್ದ ಹಾಡು ಕಾನೂನಿನ ಕಣ್ಣಿಗೆ ಮೂರು.

ಶಿಶುನಾಳ ಷರೀಫರ ತತ್ವಪದವನ್ನೇ ತೆಗೆದುಕೊಳ್ಳಿ. ಷರೀಫರು ತೀರಿಕೊಂಡದ್ದು 1889ರಲ್ಲಿ. ಆ ಮಾತುಗಳು ಇಂದು ಯಾರ ಸ್ವತ್ತೂ ಅಲ್ಲ, ಎಲ್ಲರ ಸ್ವತ್ತು. ಆದರೆ ಅದೇ ಪದಕ್ಕೆ ಸಿ. ಅಶ್ವತ್ಥರು ಹೊಸ ರಾಗ ಹಾಕಿದ್ದರೆ ಆ ರಾಗ ಬೇರೆ ಕೃತಿ. ಕೃತಿಕಾರರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಅಶ್ವತ್ಥರು ನಮ್ಮನ್ನು ಅಗಲಿದ್ದು 2009ರ ಡಿಸೆಂಬರಿನಲ್ಲಿ. ಎಂದರೆ 2069ರ ಕೊನೆಯವರೆಗೆ ಆ ರಾಗಕ್ಕೆ ವಾರಸುದಾರರಿದ್ದಾರೆ. ಇನ್ನು ಸ್ಟುಡಿಯೋದಲ್ಲಿ ಮುದ್ರಿಸಿ ಕ್ಯಾಸೆಟ್ಟಾಗಿ ಹೊರಬಂದ ಧ್ವನಿಗೆ ಮೂರನೆಯ ಹಕ್ಕು, ಬಿಡುಗಡೆಯಾದ ಮರುವರ್ಷದಿಂದ 60 ವರ್ಷ. ಹಾಡಿದವರಿಗೂ ಪ್ರದರ್ಶಕರೆಂಬ ನೆಲೆಯಲ್ಲಿ ತಮ್ಮದೇ ಹಕ್ಕಿದೆ. ಪದ ಹಳೆಯದು, ಕೇಳಿಸೋಣ ಎಂದು ನಾನು ಗುಂಡಿ ಒತ್ತಿದಾಗ ಇವರಲ್ಲಿ ಒಬ್ಬರನ್ನೂ ಕೇಳಿರಲಿಲ್ಲ.

ಶುಲ್ಕ ಕೊಡುವುದಕ್ಕೆ ನನ್ನ ಮನಸ್ಸು ಒಪ್ಪಿದ್ದು ಇನ್ನೊಂದು ವಿಷಯ ತಿಳಿದ ಮೇಲೆ. ಅಡಿಕೆ ತೋಟದವರಿಗೆ ಚೇಣಿ ಗೊತ್ತಿದೆ. ಆ ವರ್ಷದ ಫಸಲನ್ನು ಚೇಣಿಗೆ ಕೊಡುತ್ತೇವೆ, ಮರವನ್ನು ಕೊಡುವುದಿಲ್ಲ. ನಮ್ಮ ಗೀತರಚನಕಾರರು, ಸಂಗೀತಗಾರರು ಎಷ್ಟೋ ಕಾಲ ಒಂದು ಸಲದ ಸಂಭಾವನೆಗೆ ಮರವನ್ನೇ ಬರೆದುಕೊಟ್ಟರು. ಹಾಡು ಎಷ್ಟು ವರ್ಷ ಮೊಳಗಿದರೂ ಬರೆದವರ ಮನೆಗೆ ಏನೂ ಬರಲಿಲ್ಲ. 2012ರ ತಿದ್ದುಪಡಿ ಇದನ್ನು ಬದಲಿಸಿತು. ಸಿನಿಮಾ ಹಾಡೇ ಆದರೂ, ಚಿತ್ರಮಂದಿರದಲ್ಲಿ ಚಿತ್ರದ ಜೊತೆ ಕೇಳಿಸುವುದನ್ನು ಬಿಟ್ಟರೆ ಉಳಿದ ಬಳಕೆಗೆ ಬರುವ ಗೌರವಧನದಲ್ಲಿ, ಅಂದರೆ ರಾಯಲ್ಟಿಯಲ್ಲಿ, ಅವರಿಗೆ ಸಮಪಾಲು ಇದೆ. ಆ ಪಾಲನ್ನು ತಮ್ಮ ವಾರಸುದಾರರಿಗೆ ಅಥವಾ ಅದನ್ನು ಸಂಗ್ರಹಿಸಿ ಹಂಚುವ ಕೃತಿಸ್ವಾಮ್ಯ ಸಂಘಕ್ಕೆ ಬಿಟ್ಟು ಬೇರೆ ಯಾರಿಗೂ ಬರೆದುಕೊಡಲು ಬಾರದು. ಈ ಹಣವನ್ನು ಸಂಗ್ರಹಿಸಿ ಹಂಚುವುದಕ್ಕೆ 1969ರಲ್ಲಿ ಹುಟ್ಟಿದ ಐಪಿಆರ್‌ಎಸ್ ಎಂಬ ಸಂಸ್ಥೆಯಿದೆ. ಧ್ವನಿಮುದ್ರಣದ ಪರವಾನಗಿಗೆ ಬೇರೆ ಬಾಗಿಲು ತಟ್ಟಬೇಕು.

ನನ್ನ ತಕರಾರು ಇರುವುದು ಇಲ್ಲಿಂದ ಮುಂದೆ. ಆಕಾಶದ ಅಲೆಗಳಲ್ಲಿ ಪ್ರಸಾರ ಮಾಡುವ ರೇಡಿಯೊಗೆ ಕಾಯ್ದೆಯ 31ಡಿ ಕಲಮು ನೆರವಾಗುತ್ತದೆ: ಮುಂಚಿತವಾಗಿ ತಿಳಿಸಿ, ನಿಗದಿಯಾದ ದರ ಕೊಟ್ಟರೆ ಹಾಡು ಕೇಳಿಸಬಹುದು. ಖಾಸಗಿ ಎಫ್‌ಎಂಗಳಿಗೆ ಈ ಕಲಮು ಬರುವ ಮೊದಲೇ 2010ರಲ್ಲಿ ಜಾಹೀರಾತಿನ ನಿವ್ವಳ ಆದಾಯದ ಶೇ. 2 ಎಂದು ದರ ಗೊತ್ತುಮಾಡಿದ್ದೂ ಉಂಟು. ಆದರೆ ಈ ಕಲಮು ಅಂತರ್ಜಾಲಕ್ಕೆ ಅನ್ವಯಿಸುವುದಿಲ್ಲ ಎಂದು 2019ರಲ್ಲಿ ಬಾಂಬೆ ಹೈಕೋರ್ಟ್ ಹೇಳಿತು. ಹಾಗಾದರೆ ದೊಡ್ಡ ಕಂಪನಿ ವಕೀಲರನ್ನು ಕೂರಿಸಿಕೊಂಡು ಚೌಕಾಸಿ ಮಾಡುತ್ತದೆ. ಆಗುಂಬೆಯ ಮಳೆಯಲ್ಲಿ ಇನ್ವರ್ಟರ್ ನಂಬಿ ಕುಳಿತವನು ಯಾರೊಡನೆ ಚೌಕಾಸಿ ಮಾಡಬೇಕು? ಆದಾಯವಿಲ್ಲದ, ನೂರಿನ್ನೂರು ಜನ ಕೇಳುವ ಪ್ರಸಾರಕ್ಕೆ ವರ್ಷಕ್ಕೊಂದು ಸಣ್ಣ ಶುಲ್ಕ, ಒಂದೇ ಅರ್ಜಿ, ಒಂದೇ ರಸೀದಿ ಎಂಬ ವ್ಯವಸ್ಥೆ ಬೇಕು. ನಾನು ಸಂತೋಷದಿಂದ ಕಟ್ಟುತ್ತೇನೆ. ನನ್ನಂಥವರು ಇನ್ನೂ ಇದ್ದಾರೆಂದು ನಂಬಿದ್ದೇನೆ.

ಮದುವೆಯಲ್ಲಿ ಹಾಡು ಹಾಕುವುದಕ್ಕೂ ದುಡ್ಡು ಕಟ್ಟಬೇಕೇ ಎಂದು ನೆರೆಯವರು ಕೇಳುತ್ತಿರುತ್ತಾರೆ. ಬೇಡ. ಧಾರ್ಮಿಕ ವಿಧಿಯ ಸಂದರ್ಭಕ್ಕೆ ಕಾಯ್ದೆಯ 52ನೇ ಕಲಮು ವಿನಾಯಿತಿ ಕೊಟ್ಟಿದೆ. ಮದುವೆಯ ದಿಬ್ಬಣವೂ ಅದಕ್ಕೆ ಸೇರಿದ ಸಂಭ್ರಮವೂ ಅದರಲ್ಲಿವೆ. ಆದರೆ ಅದು ಸಮಾರಂಭದ ಹೊತ್ತಿನ ಮಾತು. ಆಮೇಲೆ ಆ ವಿಡಿಯೊವನ್ನು ಹಾಡಿನ ಸಮೇತ ಅಂತರ್ಜಾಲದಲ್ಲಿ ಇಟ್ಟುಕೊಳ್ಳುವುದು ಬೇರೆಯೇ ಸಂಗತಿ.

ನನ್ನ ಕೋಣೆಯಲ್ಲಿ ಈಗ ಮತ್ತೆ ಹಾಡು ಕೇಳುತ್ತಿದೆ. ಕ್ಯಾಸೆಟ್ಟುಗಳನ್ನು ಕಪಾಟಿನಲ್ಲಿ ಇಟ್ಟಿದ್ದೇನೆ. ನಮ್ಮೂರ ಭಜನಾ ಮಂಡಳಿಯವರು ಶನಿವಾರ ಸಂಜೆ ಹಾರ್ಮೋನಿಯಂ ಹೊತ್ತುಕೊಂಡು ಬರುತ್ತಾರೆ. ಷರೀಫರ ಪದಗಳನ್ನು, ದಾಸರ ಪದಗಳನ್ನು ತಮ್ಮದೇ ಧಾಟಿಯಲ್ಲಿ ಹಾಡುತ್ತಾರೆ. ಹಾಡಿದವರಿಗೆ ಸಂಭಾವನೆ ಕೊಡುತ್ತೇನೆ, ಒಪ್ಪಿಗೆಯನ್ನು ಕಾಗದದ ಮೇಲೆ ಬರೆಸಿಕೊಳ್ಳುತ್ತೇನೆ. ಕಳೆದ ಶನಿವಾರ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ತಾನೇ ರಾಗ ಕಟ್ಟಿದ ಒಂದು ತತ್ವಪದ ಹಾಡಿದಳು. ಕಾಗದದಲ್ಲಿ ‘ಸಂಗೀತ’ ಎಂದಿದ್ದ ಜಾಗದ ಮುಂದೆ ತನ್ನ ಹೆಸರನ್ನು ನಿಧಾನವಾಗಿ, ದುಂಡಗೆ ಬರೆದಳು. ಮಸಿ ಒಣಗುವವರೆಗೂ ಆ ಹಾಳೆಯನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು.

ನಮಸ್ಕಾರ.