ಕೂಡುರಸ್ತೆಗೆ ಬೋರ್ಡ್ ಬೇಕಾ? ಮೊದಲು ಮೂಲೆ ನೋಡೋಣ

ಕೇಳುಗರಿಗೆ ನಮಸ್ಕಾರ.

ಶಿವಮೊಗ್ಗದ ಕಡೆ ಯಾವ ಊರಿಗೆ ಹೋದರೂ ಇಂಥದ್ದೊಂದು ಜಾಗ ಇದ್ದೇ ಇರುತ್ತದೆ. ಹೆದ್ದಾರಿಗೆ ಊರೊಳಗಿನ ರಸ್ತೆ ಬಂದು ಸೇರುವ ಜಾಗ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಸ್ಕೂಲ್ ಮಕ್ಕಳು, ಕೆಲಸಕ್ಕೆ ಹೊರಟವರ ಸ್ಕೂಟರ್, ಆಟೊ, ಹಾಲಿನ ವ್ಯಾನ್, ಎಲ್ಲಾ ಅಲ್ಲೇ. ಸಂತೆ ದಿನವಂತೂ ಕೇಳುವುದೇ ಬೇಡ. ಅಲ್ಲೊಂದು ಅಪಘಾತ ಆಯಿತು ಅಂದರೆ ಮಾರನೇ ದಿನ ಜನ ಸೇರಿ ಹೇಳುವ ಮಾತು ಒಂದೇ: “ಇಲ್ಲೊಂದು ಬೋರ್ಡ್ ಹಾಕ್ಸಿ.”

ಅವರು ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಯಾವ ಬೋರ್ಡ್? ಅದನ್ನು ಯಾರು ನೋಡಬೇಕು? ನೋಡಿದವರು ಏನು ಮಾಡಬೇಕು? ಇಷ್ಟನ್ನು ಯೋಚಿಸದೆ ನೆಟ್ಟ ಕಂಬಗಳು ನಮ್ಮ ರಸ್ತೆ ಬದಿಯಲ್ಲಿ ಬೇಕಾದಷ್ಟಿವೆ. ಹಾಗಾಗಿ ಇವತ್ತು ಇದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ತೀರ್ಥಹಳ್ಳಿ ದಾರಿಯ ಒಂದು ಕೂಡುರಸ್ತೆ ಹೇಳುತ್ತೇನೆ. ಅಡ್ಡರಸ್ತೆ ಸೇರುವುದಕ್ಕೆ ನಾಲ್ಕು ಹೆಜ್ಜೆ ಮುಂಚೆಯೇ ಬಸ್ ನಿಲ್ಲುತ್ತದೆ. ಬಸ್ಸಿನ ಹಿಂದೆ ಅಡಿಕೆ ಮೂಟೆ ತುಂಬಿದ ಪಿಕಪ್. ಮೂಲೆಯಲ್ಲಿ ಬೇಕರಿ, ಅದರ ಮುಂದೆ ಸಾಲಾಗಿ ಬೈಕು. ಕರೆಂಟ್ ಕಂಬಕ್ಕೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್. ಅಡ್ಡರಸ್ತೆಯಿಂದ ಮಗುವನ್ನು ಕೂರಿಸಿಕೊಂಡು ಸ್ಕೂಟರಿನಲ್ಲಿ ಬರುವ ತಾಯಿಗೆ ಬಲಗಡೆ ಏನೂ ಕಾಣುವುದಿಲ್ಲ. ಒಂದು ಕಾಲು ನೆಲಕ್ಕೆ ಊರಿ, ಕತ್ತು ಉದ್ದ ಮಾಡಿ ನೋಡುತ್ತಾರೆ. ಬಸ್ಸೇ ಕಾಣುತ್ತದೆ. ಗಾಡಿಯನ್ನು ಒಂದಡಿ ಮುಂದೆ ತರುತ್ತಾರೆ. ಈಗಲೂ ಬಸ್ಸೇ. ಇನ್ನೊಂದಡಿ. ರಸ್ತೆ ಕಾಣುವ ಹೊತ್ತಿಗೆ ಅವರ ಮುಂದಿನ ಚಕ್ರ ಹೆದ್ದಾರಿಯ ಒಳಗಿರುತ್ತದೆ. ಅದೇ ಸಮಯಕ್ಕೆ ನಿಂತ ಬಸ್ಸನ್ನು ಬಳಸಿಕೊಂಡು ಒಂದು ಕಾರು ಬರುತ್ತದೆ. ಕಾರಿನವನಿಗೂ ಇವರು ಕಂಡಿರುವುದಿಲ್ಲ.

ಇದರ ಲೆಕ್ಕ ಕೇಳಿ. ಗಂಟೆಗೆ 50 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಓಡುತ್ತದೆ. ಎದುರಿಗೆ ಏನೋ ಬಂತು ಅಂತ ಡ್ರೈವರಿಗೆ ಗೊತ್ತಾಗಿ ಬ್ರೇಕ್ ಒತ್ತುವುದಕ್ಕೆ ಎರಡೂವರೆ ಸೆಕೆಂಡ್ ಬೇಕು ಎಂದು ರಸ್ತೆ ಎಂಜಿನಿಯರುಗಳು ಹಿಡಿಯುತ್ತಾರೆ. ಅಷ್ಟರಲ್ಲೇ 35 ಮೀಟರ್ ಹೋಯಿತು. ಆಮೇಲೆ ಗಾಡಿ ನಿಲ್ಲಬೇಕಲ್ಲ. ಒಟ್ಟು 60 ಮೀಟರ್ ಬೇಕು ಎನ್ನುತ್ತದೆ, ದೇಶದ ರಸ್ತೆಗಳಿಗೆ ಮಾನದಂಡ ಬರೆಯುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಲೆಕ್ಕ. ವೇಗ 80 ಆದರೆ 120 ಮೀಟರ್. ನಾನು ಹೇಳಿದ ಮೂಲೆಯಲ್ಲಿ ಬಸ್ಸಿನ ಉದ್ದ ದಾಟಿ ಏನೂ ಕಾಣುವುದಿಲ್ಲ.

ಈ ಜಾಗಕ್ಕೆ ಸುಮ್ನೆ ಒಂದು ಬೋರ್ಡ್ ತಂದು ನೆಟ್ಟರೆ ಏನಾಗುತ್ತದೆ? ಆ ಗುಂಪಿನಲ್ಲಿ ಇನ್ನೊಂದು ಕಂಬ ಜಾಸ್ತಿ ಆಗುತ್ತದೆ. ಅಲ್ಲಿ ಮೊದಲು ಆಗಬೇಕಾದದ್ದು ಮೂಲೆ ತೆರವು. ಬಸ್ ನಿಲ್ಲುವ ಜಾಗ ಕೂಡುರಸ್ತೆ ದಾಟಿ ಮುಂದಕ್ಕೆ ಹೋಗಬೇಕು. ಆಗ ಅಡ್ಡರಸ್ತೆಯವರಿಗೆ ಬಲಗಡೆ ಪೂರ್ತಿ ತೆರೆದುಕೊಳ್ಳುತ್ತದೆ. ಫ್ಲೆಕ್ಸ್ ಇಳಿಯಬೇಕು. ರಸ್ತೆಗೆ ಬಾಗಿದ ಕೊಂಬೆ ಸವರಬೇಕು. ಪಿಕಪ್ ಬೇರೆ ಕಡೆ ನಿಲ್ಲಬೇಕು. ಕೂಡುರಸ್ತೆಯ ಹತ್ತಿರ, ತಿರುವಿನಲ್ಲಿ ಗಾಡಿ ನಿಲ್ಲಿಸಬಾರದು ಅನ್ನುವುದು ಬೋರ್ಡ್ ಇಲ್ಲದಿದ್ದರೂ ಕಾನೂನೇ.

ಬೇಕರಿಯವರಿಗೆ ಬೇಜಾರಾಗುತ್ತದೆ, ನನಗೆ ಗೊತ್ತು. ಬೈಕ್ ನಿಲ್ಲಿಸಲು ಜಾಗ ಇಲ್ಲ ಅಂದರೆ ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಾನೆ. ಅವರ ಹೊಟ್ಟೆಪಾಡಿನ ಪ್ರಶ್ನೆ ಅದು, ತಳ್ಳಿಹಾಕುವ ಮಾತಲ್ಲ. ಅದಕ್ಕೇ ಗಾಡಿ ಎಲ್ಲಿ ನಿಲ್ಲಿಸಬಾರದು ಅಂತ ಹೇಳುವಾಗಲೇ ಎಲ್ಲಿ ನಿಲ್ಲಿಸಬಹುದು ಅಂತಲೂ ಪಂಚಾಯಿತಿ ತೋರಿಸಿಕೊಡಬೇಕು. ಅಡ್ಡರಸ್ತೆಯಲ್ಲಿ ಸ್ವಲ್ಪ ಒಳಗೆ ಜಾಗ ಸಿಕ್ಕೇ ಸಿಗುತ್ತದೆ.

ಮೂಲೆ ತೆರವಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಮೊದಲು ಯಾರು ಹೋಗಬೇಕು? ಆಟೊ ಸ್ಟ್ಯಾಂಡಿನಲ್ಲಿ ಕೇಳಿ ನೋಡಿ, ಒಬ್ಬೊಬ್ಬರದು ಒಂದೊಂದು ಉತ್ತರ. ಹಾರನ್ ಮೊದಲು ಹೊಡೆದವನು ಅನ್ನುವವರಿದ್ದಾರೆ. ದೊಡ್ಡ ಗಾಡಿಯವನು ಅನ್ನುವವರೂ ಇದ್ದಾರೆ. ಕಾನೂನು ಹೇಳುವುದು ಬೇರೆ. 2017ರ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ ಮುಖ್ಯರಸ್ತೆಯ ಗಾಡಿಗೆ ಅಡ್ಡರಸ್ತೆಯವರು ದಾರಿ ಬಿಡಬೇಕು. ಎರಡೂ ಒಂದೇ ತರಹದ ರಸ್ತೆ ಆದರೆ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಗೊತ್ತಿರುವವರು ಎಷ್ಟು ಜನ ಹೇಳಿ?

ಬೋರ್ಡಿನ ನಿಜವಾದ ಕೆಲಸ ಇರುವುದು ಇಲ್ಲಿ. ಎಂಟು ಮೂಲೆಯ ಕೆಂಪು ಬೋರ್ಡ್, ಅದರ ಮೇಲೆ ‘ಸ್ಟಾಪ್’. ತಲೆಕೆಳಗಾದ ತ್ರಿಕೋನ, ಅಂದರೆ ದಾರಿ ಬಿಡಿ. ಈ ಎರಡಕ್ಕೆ ಬೇರೆ ಯಾವ ಬೋರ್ಡಿಗೂ ಇಲ್ಲದ ಆಕಾರ ಇದೆ. ಕೆಸರು ಹಾರಿ ಅಕ್ಷರ ಮುಚ್ಚಿದರೂ ಆಕಾರ ನೋಡಿಯೇ ಗುರುತು ಹಿಡಿಯಬಹುದು. ಇನ್ನೊಂದು ಮಾತು ನೀವು ಕೇಳಿರಲಿಕ್ಕಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆಯಿತಲ್ಲ, ಅದರಲ್ಲಿ ಸ್ಟಾಪ್ ಬೋರ್ಡ್ ಮೀರುವುದನ್ನು ಅಪಾಯಕಾರಿ ಚಾಲನೆಗೆ ಸೇರಿಸಿದ್ದಾರೆ. ಕೆಂಪು ಸಿಗ್ನಲ್ ಹಾರಿದಷ್ಟೇ ತಪ್ಪು ಅದು. ಇಷ್ಟು ಬಲ ಇರುವ ಬೋರ್ಡು ನಮ್ಮ ಸಣ್ಣ ಊರುಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಸ್ವಾಗತ ಕಮಾನು ಮಾತ್ರ ಎಲ್ಲಾ ಕಡೆ ಇದೆ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಹಾಗಾಗಿ ನನ್ನ ಅಭಿಪ್ರಾಯ ಇದು. ಮೂಲೆ ತೆರವು ಮಾಡಿದ ಮೇಲೆ ಅಡ್ಡರಸ್ತೆಗೆ ಒಂದು ಸ್ಟಾಪ್ ಬೋರ್ಡ್, ಅದರ ಎದುರಿಗೆ ರಸ್ತೆ ಮೇಲೆ ಅಗಲವಾದ ಬಿಳಿ ಗೆರೆ. ಎರಡೂ ಕಡೆ ದೂರದವರೆಗೆ ಚೆನ್ನಾಗಿ ಕಾಣುವ ಜಾಗವಾದರೆ ದಾರಿ ಬಿಡಿ ಅನ್ನುವ ಬೋರ್ಡೇ ಸಾಕು. ಹೆದ್ದಾರಿಯಲ್ಲಿ ಎರಡೂ ದಿಕ್ಕಿನಿಂದ ಬರುವವರಿಗೆ, ಮುಂದೆ ಕೂಡುರಸ್ತೆ ಇದೆ ಎಂದು ಹೇಳುವ ಕೆಂಪು ಅಂಚಿನ ತ್ರಿಕೋನ. ಸ್ಕೂಲ್ ಇದ್ದರೆ ಅದರ ಬೋರ್ಡ್. ಅಷ್ಟೇ. ಒಂದೇ ಕಡೆ ಆರೇಳು ಬೋರ್ಡ್ ಹಾಕಿದರೆ ಡ್ರೈವರ್ ಯಾವುದನ್ನೂ ಓದುವುದಿಲ್ಲ.

“ನಮ್ಮೂರಿನವರಿಗೆಲ್ಲಾ ಈ ಜಾಗ ಗೊತ್ತು, ಬೋರ್ಡ್ ಯಾಕೆ” ಅನ್ನುವವರು ಇದ್ದಾರೆ. ಗೊತ್ತು, ನಿಜ. ಆದರೆ ಈ ರಸ್ತೆಯಲ್ಲಿ ಓಡಾಡುವವರು ನಾವು ಮಾತ್ರ ಅಲ್ವಲ್ಲ. ಮಳೆಗಾಲ ಬಂತು ಅಂದರೆ ಜೋಗ ನೋಡಲು ಬೆಂಗಳೂರಿನಿಂದ ಕಾರುಗಳು ಬರುತ್ತವೆ. ಸಿಗಂದೂರಿಗೆ, ಆಗುಂಬೆಗೆ, ಶೃಂಗೇರಿಗೆ ಹೋಗುವವರು ಬರುತ್ತಾರೆ. ಹೊನ್ನಾವರ, ಮಂಗಳೂರು ಕಡೆಯ ಲಾರಿಗಳು ರಾತ್ರಿಯೆಲ್ಲಾ ಓಡುತ್ತವೆ. ಅವರಿಗೆ ಆ ಬೇಕರಿ, ಆ ಬಸ್ ಸ್ಟಾಪು, ಆ ಸ್ಕೂಲು ಯಾವುದೂ ಗೊತ್ತಿಲ್ಲ. ಬೋರ್ಡ್ ಬೇಕಿರುವುದು ಮೊದಲನೇ ಸಲ ಬರುವವರಿಗೆ. ನಮ್ಮ ಮಕ್ಕಳು ದಾಟುವುದು ಅವರ ಗಾಡಿಯ ಮುಂದೆ.

ಇನ್ನು ಮಲೆನಾಡಿನ ಮಳೆ. ಜೂನ್‌ನಲ್ಲಿ ಬೆಳ್ಳಗೆ ಹೊಳೆಯುವ ಬೋರ್ಡು ಸೆಪ್ಟೆಂಬರ್ ಹೊತ್ತಿಗೆ ಹಸಿರು. ಪಾಚಿ ಹಿಡಿದು, ಬಳ್ಳಿ ಸುತ್ತಿಕೊಂಡು, ಕೆಳಗಿನ ಅರ್ಧಕ್ಕೆ ಕೆಂಪು ಮಣ್ಣು ಸಿಡಿದಿರುತ್ತದೆ. ಕೈಯಲ್ಲಿ ಬಣ್ಣ ಬಳಿದ ತಗಡು ಆದರೆ ರಾತ್ರಿ ಮಂಜಿನಲ್ಲಿ ಅದು ಇದ್ದೂ ಇಲ್ಲದ ಹಾಗೆ. ಗಾಡಿಯ ಬೆಳಕು ಬಿದ್ದಾಗ ತಿರುಗಿ ಹೊಳೆಯುವ ಹಾಳೆ ಅಂಟಿಸಿದ ಬೋರ್ಡೇ ಬೇಕು. ಅದನ್ನೂ ಮಳೆಗಾಲದ ನಡುವೆ ಒಂದು ಸಲ, ಮಳೆ ನಿಂತ ಮೇಲೆ ಒಂದು ಸಲ ಬಟ್ಟೆ ನೀರು ಹಾಕಿ ಒರೆಸಬೇಕು. ಬೋರ್ಡ್ ಹಾಕಿಸಲು ಓಡಾಡುವ ನಾವು ಅದನ್ನು ಒರೆಸುವವರು ಯಾರು ಅಂತ ಕೇಳುವುದೇ ಇಲ್ಲ. ಅರ್ಜಿಯಲ್ಲಿ ಅದನ್ನೂ ಬರೆಯಬೇಕು.

ಹಂಪ್ ಹಾಕಿಸಿ ಅನ್ನುವವರಿಗೆ ಒಂದು ಮಾತು. ಊರೊಳಗಿನ ರಸ್ತೆಗೆ ಹಂಪ್ ಸರಿ. ಹೆದ್ದಾರಿಯಲ್ಲಿ, ಮಳೆ ರಾತ್ರಿಯಲ್ಲಿ, ಬಣ್ಣ ಮಾಸಿದ, ಮುಂಚೆ ಎಚ್ಚರಿಕೆ ಇಲ್ಲದ ಹಂಪ್ ಬೈಕಿನವರನ್ನು ಎತ್ತಿ ಹಾಕುತ್ತದೆ. ಸಿಗ್ನಲ್ ಲೈಟ್ ಕೇಳುವವರೂ ಇದ್ದಾರೆ. ಶಿವಮೊಗ್ಗ ಪೇಟೆಯ ದೊಡ್ಡ ಸರ್ಕಲ್‌ಗಳ ಮಾತು ಬೇರೆ. ಸಿಗ್ನಲ್ ಬೇಕೋ ಬೇಡವೋ ಅಂತ ನೋಡುವಾಗ ದಿನದ ಎಂಟು ಗಂಟೆಗಳ ವಾಹನ ಲೆಕ್ಕ ನೋಡುವ ಪದ್ಧತಿ ಇದೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ನೂಕುನುಗ್ಗಲು ಇರುವ ಜಾಗಕ್ಕೆ ಆ ಹೊತ್ತಿನಲ್ಲಿ ಒಬ್ಬ ಪೊಲೀಸಿನವರು ನಿಂತರೆ ಸಾಕು.

ಇದನ್ನೆಲ್ಲಾ ತೀರ್ಮಾನಿಸುವವರು ಯಾರು? ಹೆದ್ದಾರಿ ಆದರೆ ಹೆದ್ದಾರಿ ವಿಭಾಗದವರು, ಊರೊಳಗಿನ ರಸ್ತೆ ಆದರೆ ಪಾಲಿಕೆ, ಪುರಸಭೆ ಅಥವಾ ಪಂಚಾಯಿತಿ. ನೋ ಪಾರ್ಕಿಂಗ್, ಒನ್ ವೇ, ಬಸ್ ನಿಲ್ಲುವ ಜಾಗ, ಇವಕ್ಕೆ ಜಿಲ್ಲಾಧಿಕಾರಿಗಳ ಆದೇಶ ಬೇಕು. ಆದೇಶ ಇಲ್ಲದೆ ಅಂಗಡಿ ಮುಂದೆ ನಾವೇ ಬರೆಸಿದ ನೋ ಪಾರ್ಕಿಂಗ್‌ಗೆ ಕಾನೂನಿನ ಬಲ ಇಲ್ಲ. ಜಿಲ್ಲೆಗೊಂದು ರಸ್ತೆ ಸುರಕ್ಷತಾ ಸಮಿತಿ ಇದೆ, ಜಿಲ್ಲಾಧಿಕಾರಿಗಳೇ ಅದರ ಅಧ್ಯಕ್ಷರು. ಪೊಲೀಸ್, ಆರ್‌ಟಿಒ, ರಸ್ತೆ ಎಂಜಿನಿಯರುಗಳು ಅಲ್ಲಿ ಒಟ್ಟಿಗೆ ಕೂರುತ್ತಾರೆ. ನಿಮ್ಮ ಅರ್ಜಿ ಹೋಗಬೇಕಾದ್ದು ಅಲ್ಲಿಗೆ.

ಅರ್ಜಿ ಬರೆಯುವ ಮುಂಚೆ ನಾಲ್ಕು ಜನ ಸೇರಿ ಒಂದು ಕೆಲಸ ಮಾಡಿ. ಒಂದು ಮಾಮೂಲಿ ದಿನ, ಒಂದು ಸಂತೆ ದಿನ ಆ ಮೂಲೆಯಲ್ಲಿ ನಿಲ್ಲಿ. ಕಾಲು ಗಂಟೆಗೆ ಎಷ್ಟು ಬಸ್ಸು, ಎಷ್ಟು ಬೈಕು, ಎಷ್ಟು ಮಕ್ಕಳು ದಾಟಿದರು ಅಂತ ಬರೆದುಕೊಳ್ಳಿ. ಸ್ವಲ್ಪದರಲ್ಲಿ ತಪ್ಪಿದ ಅಪಘಾತಗಳನ್ನೂ ಬರೆಯಿರಿ. ಅವು ಯಾವ ಠಾಣೆಯ ದಾಖಲೆಯಲ್ಲೂ ಇರುವುದಿಲ್ಲ, ಆಟೊದವರ ನೆನಪಿನಲ್ಲಿ ಇರುತ್ತವೆ. ಅಡ್ಡರಸ್ತೆಯಲ್ಲಿ ಸ್ಕೂಟರ್ ಮೇಲೆ ಕೂತು, ಬಲಕ್ಕೆ ತಿರುಗಿ ಒಂದು ಫೋಟೋ ತೆಗೆಯಿರಿ. ರಾತ್ರಿ ಒಂದು ತೆಗೆಯಿರಿ. ಅರ್ಜಿಯ ಜೊತೆ ಇವನ್ನು ಇಟ್ಟು ಕೊಡಿ. ಕೊಟ್ಟ ದಿನವೇ ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬನ್ನಿ. ಮುಂದಿನ ಸಭೆ ಯಾವಾಗ ಅಂತ ಅಲ್ಲೇ ಕೇಳಿ, ತಾರೀಖು ಬರೆದುಕೊಳ್ಳಿ.

ನಮಸ್ಕಾರ.